ಸ್ಪೀಡ್ ಇದ್ದರೂ ವಿಡಿಯೊ ಯಾಕೆ ನಿಲ್ಲುತ್ತದೆ?

ಸ್ಪೀಡ್ ಟೆಸ್ಟ್ ಮಾಡಿದರೆ 100 ಎಂಬಿಪಿಎಸ್, ಅಂದರೆ ಸೆಕೆಂಡಿಗೆ 100 ಮೆಗಾಬಿಟ್ ಅಂತ ತೋರಿಸುತ್ತದೆ. ವಿಡಿಯೊ ಹಾಕಿದರೆ ನಡುನಡುವೆ ನಿಂತು ಚಕ್ರ ತಿರುಗುತ್ತದೆ. ನಾವು ಬೈಯುವುದು ಇಂಟರ್ನೆಟ್ ಕೊಟ್ಟವರನ್ನ. ಆಮೇಲೆ ಇನ್ನೂ ದೊಡ್ಡ ಪ್ಲಾನ್ ಹಾಕಿಸುತ್ತೇವೆ. ಚಕ್ರ ಮಾತ್ರ ತಿರುಗುವುದು ಬಿಡುವುದಿಲ್ಲ.

ಲೆಕ್ಕ ಹಾಕಿದರೆ ಇದು ವಿಚಿತ್ರ. ಸಾಮಾನ್ಯ 1080ಪಿ ವಿಡಿಯೊಗೆ 5 ಎಂಬಿಪಿಎಸ್ ಸಿಕ್ಕರೆ ಸಾಕು. 4ಕೆ ಅಂದರೂ ಹೆಚ್ಚಾಗಿ 15ರಿಂದ 25ರ ಒಳಗೆ ಮುಗಿಯುತ್ತದೆ. ನೂರು ಕೈಯಲ್ಲಿರುವವರಿಗೆ ಐದು ಯಾಕೆ ಸಿಗುತ್ತಿಲ್ಲ? ಈ ಪ್ರಶ್ನೆಯ ಬೆನ್ನು ಹತ್ತಿದರೆ ಒಂದು ವಿಷಯ ಗೊತ್ತಾಗುತ್ತದೆ. ಹೆಚ್ಚಿನ ಸಲ ಇಲ್ಲಿ ಸ್ಪೀಡ್ ಕಡಿಮೆ ಇರುವುದಿಲ್ಲ, ಏರುಪೇರಾಗುತ್ತಿರುತ್ತದೆ. ಆ ಏರುಪೇರಿನ ನಡುವೆ ಮುಂದೆ ಏನು ತರಿಸಬೇಕು ಅಂತ ನಿರ್ಧಾರ ಮಾಡುವ ಪ್ಲೇಯರ್ ಲೆಕ್ಕ ತಪ್ಪುತ್ತದೆ. ಇನ್ನು ಕೆಲವು ಸಲವಂತೂ ನೆಟ್‌ವರ್ಕಿನ ತಪ್ಪು ಏನೂ ಇರುವುದಿಲ್ಲ, ಒದ್ದಾಡುತ್ತಿರುವುದು ನಮ್ಮದೇ ಕಂಪ್ಯೂಟರ್.

ಮೊದಲು ಹೊರೆ ಎಷ್ಟು ಅಂತ ನೋಡೋಣ. 1080ಪಿ ಚಿತ್ರ ಅಂದರೆ ಅಡ್ಡ 1920, ಉದ್ದ 1080 ಚುಕ್ಕಿ. ಒಟ್ಟು 20 ಲಕ್ಷಕ್ಕೂ ಜಾಸ್ತಿ. ಒಂದೊಂದು ಚುಕ್ಕಿಗೆ ಸರಾಸರಿ 12 ಬಿಟ್, ಸೆಕೆಂಡಿಗೆ 30 ಚಿತ್ರ ಅಂತ ಗುಣಿಸಿದರೆ ಸೆಕೆಂಡಿಗೆ ಸುಮಾರು 75 ಕೋಟಿ ಬಿಟ್ ಆಗುತ್ತದೆ. ಅಂದರೆ 750 ಎಂಬಿಪಿಎಸ್. ಅದನ್ನು ಐದಕ್ಕೆ ಇಳಿಸುವುದು ಅಂದರೆ 150 ಪುಟದ ಪುಸ್ತಕವನ್ನು ಒಂದು ಪುಟಕ್ಕೆ ಇಳಿಸಿದ ಹಾಗೆ. ಅದೂ ಓದುವವರಿಗೆ ಗೊತ್ತಾಗದ ಹಾಗೆ. ಇದನ್ನು ಮಾಡುವುದು ಕೋಡೆಕ್. ಒಂದು ಚಿತ್ರವನ್ನು ಪೂರ್ತಿ ಕಳಿಸಿ, ಮುಂದಿನ ಚಿತ್ರಗಳಲ್ಲಿ ಏನು ಬದಲಾಗಿದೆ ಅನ್ನುವುದನ್ನಷ್ಟೇ ಕಳಿಸುತ್ತದೆ. ಪೂರ್ತಿ ಇರುವ ಚಿತ್ರಕ್ಕೆ ಕೀಫ್ರೇಮ್ ಅನ್ನುತ್ತಾರೆ. ವಿಡಿಯೊವನ್ನು ಮುಂದಕ್ಕೆ ಎಳೆದಾಗ ಕ್ಷಣ ಹೊತ್ತು ತಡವರಿಸುತ್ತದೆ ಅಲ್ವಾ? ನಾವು ಎಳೆದ ಜಾಗದ ಹಿಂದಿನ ಕೀಫ್ರೇಮ್ ಹುಡುಕಿ, ಅಲ್ಲಿಂದ ಬಿಡಿಸಿಕೊಂಡು ಬರಬೇಕಲ್ಲ, ಅದಕ್ಕೆ.

ಹಿಂದೆ ವಿಡಿಯೊ ಅಂದರೆ ಒಂದೇ ಫೈಲು. ಅದನ್ನು ಮೊದಲಿಂದ ಇಳಿಸಿಕೊಳ್ಳುತ್ತಾ ನೋಡುವುದು. 2005ರಲ್ಲಿ ಯೂಟ್ಯೂಬ್ ಶುರುವಾದಾಗ ನಡೆಯುತ್ತಿದ್ದದ್ದು ಹೀಗೆ. ಪಾಜ್ ಒತ್ತಿ, ಕೆಳಗಿನ ಗೆರೆ ಮುಂದೆ ಹೋಗಲಿ ಅಂತ ಬಿಟ್ಟು, ಬೇರೆ ಕೆಲಸ ನೋಡಿಕೊಂಡು ಬಂದು ಆಮೇಲೆ ನೋಡಿದವರು ನಮ್ಮಲ್ಲಿ ಬಹಳ ಜನ ಇದ್ದಾರೆ. ಹಾಗೆ ನೋಡಿದರೆ ಅವತ್ತು ಪ್ಲೇಯರಿನ ಬದಲು ನಾವೇ ತಲೆ ಓಡಿಸುತ್ತಿದ್ದೆವು.

ಆಪಲ್ 2009ರಲ್ಲಿ ಎಚ್‌ಎಲ್‌ಎಸ್ ಅಂತ ವಿಡಿಯೊ ಕಳಿಸುವ ಹೊಸ ವಿಧಾನ ತಂದಿತು. 2012ರಲ್ಲಿ ಎಂಪೆಗ್-ಡ್ಯಾಶ್ ಅನ್ನುವ ಅಂತರರಾಷ್ಟ್ರೀಯ ಮಾನದಂಡ ಬಂತು. ಎರಡರ ಉಪಾಯವೂ ಒಂದೇ. ವಿಡಿಯೊವನ್ನು ಕೆಲವು ಸೆಕೆಂಡುಗಳ ತುಣುಕುಗಳಾಗಿ ಕತ್ತರಿಸಿ, ಒಂದೊಂದು ತುಣುಕನ್ನೂ ಐದಾರು ಗುಣಮಟ್ಟದಲ್ಲಿ ಸಿದ್ಧ ಮಾಡಿ ಸಾಮಾನ್ಯ ವೆಬ್ ಸರ್ವರಿನಲ್ಲಿ ಇಡುವುದು. ಯಾವ ತುಣುಕು ಯಾವ ಗುಣಮಟ್ಟದಲ್ಲಿ ಬೇಕು ಅಂತ ಪ್ಲೇಯರ್ ಒಂದೊಂದಾಗಿ ಕೇಳಿ ತರಿಸಿಕೊಳ್ಳುತ್ತದೆ. ಹಾಸಿಗೆ ಇದ್ದಷ್ಟು ಕಾಲು ಚಾಚು ಅನ್ನುವುದೇ ಇದರ ನಿಯಮ. ಕಷ್ಟ ಏನು ಅಂದರೆ ಹಾಸಿಗೆ ಕ್ಷಣಕ್ಷಣಕ್ಕೂ ಉದ್ದ ಗಿಡ್ಡ ಆಗುತ್ತಿರುತ್ತದೆ.

ಟ್ಯಾಂಕಿ ಮತ್ತು ನಲ್ಲಿ

ಬಫರ್ ಅನ್ನುವುದು ಮನೆ ಮೇಲಿನ ನೀರಿನ ಟ್ಯಾಂಕಿ ಇದ್ದ ಹಾಗೆ. ಕೆಳಗಿನ ಪೈಪಿನಲ್ಲಿ ನೀರು ಬಂದು ಹೋಗಿ ಮಾಡಿದರೂ ನಲ್ಲಿಯಲ್ಲಿ ಒಂದೇ ಸಮ ಬರುತ್ತಿರುತ್ತದೆ, ಟ್ಯಾಂಕಿ ಪೂರ್ತಿ ಖಾಲಿ ಆಗುವವರೆಗೆ. ಖಾಲಿ ಆದ ಕ್ಷಣದಲ್ಲಿ ಕಾಣಿಸಿಕೊಳ್ಳುವುದೇ ಆ ಚಕ್ರ.

ಒಂದು ಲೆಕ್ಕ ಹತ್ತಿರದಿಂದ ನೋಡಿ. ತುಣುಕು 4 ಸೆಕೆಂಡಿನದು, ಗುಣಮಟ್ಟ 5 ಎಂಬಿಪಿಎಸ್. ಅಂದರೆ ಒಂದು ತುಣುಕಿನ ಗಾತ್ರ 20 ಮೆಗಾಬಿಟ್. ಲೈನು 4 ಎಂಬಿಪಿಎಸ್‌ಗೆ ಇಳಿದಿದೆ ಅಂದುಕೊಳ್ಳಿ. ಒಂದು ತುಣುಕು ಬರಲು 5 ಸೆಕೆಂಡು ಬೇಕು. ಅಷ್ಟರಲ್ಲಿ ನಾವು 5 ಸೆಕೆಂಡು ನೋಡಿರುತ್ತೇವೆ, ಬಂದದ್ದು 4. ಪ್ರತಿ ತುಣುಕಿಗೂ ಒಂದು ಸೆಕೆಂಡು ನಷ್ಟ. ಟ್ಯಾಂಕಿಯಲ್ಲಿ 20 ಸೆಕೆಂಡು ಇದ್ದರೆ ಸುಮಾರು 100 ಸೆಕೆಂಡಿನ ನಂತರ ಖಾಲಿ. ಕೂತು ಉಂಡರೆ ಕುಡಿಕೆ ಹೊನ್ನೂ ಸಾಲದು ಅಂತಾರಲ್ಲ, ಹಾಗೆ. ಆದರೆ ಆ 100 ಸೆಕೆಂಡಿನೊಳಗೆ ಪ್ಲೇಯರ್ ಎಚ್ಚೆತ್ತು 3 ಎಂಬಿಪಿಎಸ್‌ನ ತುಣುಕು ಕೇಳಿದರೆ ಅದು 3 ಸೆಕೆಂಡಿನಲ್ಲಿ ಬರುತ್ತದೆ, ಟ್ಯಾಂಕಿ ಮತ್ತೆ ತುಂಬಲು ಶುರುವಾಗುತ್ತದೆ. ಚಿತ್ರ ಸ್ವಲ್ಪ ಮಂಕಾಗಬಹುದು. ಬಹಳ ಜನರಿಗೆ ಅದು ಗೊತ್ತೂ ಆಗುವುದಿಲ್ಲ.

ಹಾಗಾದರೆ ಲೈನಿನ ಸ್ಪೀಡ್ ಎಷ್ಟು ಅಂತ ಪ್ಲೇಯರಿಗೆ ಹೇಗೆ ತಿಳಿಯಬೇಕು? ಮೇಲ್ನೋಟಕ್ಕೆ ಸುಲಭ. ಹಿಂದಿನ ತುಣುಕು ಎಷ್ಟು ದೊಡ್ಡದಿತ್ತು, ಎಷ್ಟು ಹೊತ್ತಿನಲ್ಲಿ ಬಂತು, ಭಾಗಿಸಿದರೆ ಆಯಿತು. ಎಡವುವುದು ಇಲ್ಲೇ.

ಸರ್ವರ್ ತನ್ನ ಹತ್ತಿರ ಇರುವುದನ್ನೆಲ್ಲ ಒಂದೇ ಸಲ ಸುರಿಯುವುದಿಲ್ಲ. ಟಿಸಿಪಿ ಅನ್ನುವ ಸಾಗಾಟದ ನಿಯಮದಲ್ಲಿ ಮೊದಲು 10 ಪ್ಯಾಕೆಟ್, ಅಂದರೆ ಡೇಟಾದ ಹತ್ತು ಸಣ್ಣ ಕಟ್ಟು ಕಳಿಸಿ, ಮುಟ್ಟಿತು ಅಂತ ಉತ್ತರ ಬಂದ ಮೇಲೆ 20, ಆಮೇಲೆ 40, 80, ಹೀಗೆ ದುಪ್ಪಟ್ಟು ಮಾಡುತ್ತಾ ಹೋಗುತ್ತದೆ. ಸರ್ವರ್ ದೂರದಲ್ಲಿದೆ, ಒಂದು ಸಲ ಹೋಗಿ ಬರಲು 100 ಮಿಲಿಸೆಕೆಂಡು ಬೇಕು ಅಂದುಕೊಳ್ಳಿ. 500 ಕಿಲೋಬೈಟಿನ ಒಂದು ತುಣುಕಿಗೆ ಸುಮಾರು 340 ಪ್ಯಾಕೆಟ್ ಬೇಕು. 10, 20, 40, 80, 160 ಸೇರಿದರೆ 310. ಇನ್ನೊಂದು ಸುತ್ತು ಬೇಕೇ ಬೇಕು. ಒಟ್ಟು ಆರು ಸುತ್ತು, 0.6 ಸೆಕೆಂಡು. 500 ಕಿಲೋಬೈಟ್ ಅಂದರೆ 4 ಮೆಗಾಬಿಟ್. ಭಾಗಿಸಿದರೆ ಬರುವ ಉತ್ತರ 7 ಎಂಬಿಪಿಎಸ್‌ಗೂ ಕಡಿಮೆ. ಲೈನು ನೂರರದು, ಪ್ಲೇಯರಿಗೆ ಕಂಡದ್ದು ಏಳು! ಯಾರೂ ಸುಳ್ಳು ಹೇಳಿಲ್ಲ. ತುಣುಕು ಚಿಕ್ಕದು, ದಾರಿ ಉದ್ದ, ಅಷ್ಟೇ. ಅತ್ತ ಸ್ಪೀಡ್ ಟೆಸ್ಟ್ ಹತ್ತಿರದ ಸರ್ವರಿನಿಂದ, ಒಟ್ಟೊಟ್ಟಿಗೆ ಹಲವು ಸಂಪರ್ಕ ತೆರೆದು, ಹತ್ತಾರು ಸೆಕೆಂಡು ಎಳೆದು ಅಳೆಯುತ್ತದೆ. ಎರಡೂ ಅಳತೆ ನಿಜ, ಅಳೆದದ್ದು ಬೇರೆ ಬೇರೆ.

ಇದರ ಮೇಲೆ ಇನ್ನೊಂದು ಪೇಚು. ಟ್ಯಾಂಕಿ ತುಂಬಿದ ಮೇಲೆ ಪ್ಲೇಯರ್ ಸ್ವಲ್ಪ ಹೊತ್ತು ಸುಮ್ನೆ ಕೂರುತ್ತದೆ. ಒಂದು ತುಣುಕು ನೋಡಿ ಮುಗಿದಾಗ ಮುಂದಿನದನ್ನು ಕೇಳುತ್ತದೆ. ಹೀಗೆ ಕೂತಾಗ ಟಿಸಿಪಿ ತಾನು ಗಳಿಸಿಕೊಂಡ ವೇಗವನ್ನು ಎಷ್ಟೋ ಸಲ ಕೈಬಿಟ್ಟು ಮತ್ತೆ ಹತ್ತರಿಂದ ಶುರು ಮಾಡುತ್ತದೆ. ಅದೇ ಹೊತ್ತಿಗೆ ಮನೆಯಲ್ಲಿ ಇನ್ನೊಬ್ಬರು ದೊಡ್ಡ ಫೈಲ್ ಇಳಿಸುತ್ತಿದ್ದರೆ ಕಥೆ ಮುಗಿಯಿತು. 2012ರಲ್ಲಿ ಸ್ಟ್ಯಾನ್‌ಫರ್ಡ್ ಸಂಶೋಧಕರು ಮೂರು ಜನಪ್ರಿಯ ಸೇವೆಗಳ ಪ್ಲೇಯರುಗಳನ್ನು ಪರೀಕ್ಷಿಸಿದಾಗ ಕಂಡದ್ದು ಇದೇ. ಪಕ್ಕದಲ್ಲಿ ಡೌನ್‌ಲೋಡ್ ನಡೆಯುತ್ತಿದ್ದರೆ ಪ್ಲೇಯರ್ ಮೊದಲು ಸ್ಪೀಡನ್ನು ಕಡಿಮೆ ಅಂದಾಜು ಮಾಡುತ್ತದೆ. ಆಮೇಲೆ ಕಡಿಮೆ ಗುಣಮಟ್ಟ ಕೇಳುತ್ತದೆ. ಕಡಿಮೆ ಗುಣಮಟ್ಟದ ತುಣುಕು ಇನ್ನೂ ಚಿಕ್ಕದು. ಚಿಕ್ಕ ತುಣುಕಿನ ಅಳತೆ ಇನ್ನೂ ಕಡಿಮೆ. ಹೀಗೆ ಜಾರುತ್ತಾ ಜಾರುತ್ತಾ, ತನಗೆ ನ್ಯಾಯವಾಗಿ ಸಿಗಬೇಕಾದ ಪಾಲಿಗಿಂತ ಎಷ್ಟೋ ಕೆಳಗೆ ಹೋಗಿ ಕೂರುತ್ತದೆ. ಹೆದರಿದವನ ಮೇಲೆ ಕಪ್ಪೆ ಎಸೆದ ಹಾಗೆ.

ಅದಕ್ಕೆ ಅವರು ಕಂಡುಕೊಂಡ ಮದ್ದು ನನಗೆ ಬಹಳ ಇಷ್ಟ. ಪೈಪನ್ನು ನೋಡಬೇಡ, ಟ್ಯಾಂಕಿಯನ್ನು ನೋಡು. ಟ್ಯಾಂಕಿ ತುಂಬಿದ್ದರೆ ಧೈರ್ಯವಾಗಿ ದೊಡ್ಡ ತುಣುಕು ಕೇಳು, ಇಳಿಯುತ್ತಿದ್ದರೆ ಚಿಕ್ಕದು ಕೇಳು. ಸ್ಪೀಡಿನ ಅಂದಾಜು ಬೇಕಾಗುವುದು ಶುರುವಿನಲ್ಲಿ, ಟ್ಯಾಂಕಿ ಖಾಲಿ ಇರುವಾಗ ಮಾತ್ರ. 2014ರಲ್ಲಿ ನೆಟ್‌ಫ್ಲಿಕ್ಸ್ ಜೊತೆ ಸೇರಿ ನಿಜವಾದ ನೋಡುಗರ ಮೇಲೆ ಇದನ್ನು ಪರೀಕ್ಷಿಸಿದಾಗ, ವಿಡಿಯೊ ನಿಲ್ಲುವುದು ಶೇ 10ರಿಂದ 20ರಷ್ಟು ಕಡಿಮೆಯಾಯಿತು. ಹೊಸ ಕೇಬಲ್ ಹಾಕಲಿಲ್ಲ, ಸರ್ವರ್ ಬದಲಿಸಲಿಲ್ಲ. ಬರೀ ನಿರ್ಧಾರ ಬದಲಾಯಿತು.

ಆಮೇಲೆ ಬಂದವು ಬಹಳ. 2016ರಲ್ಲಿ ಬೋಲಾ ಅನ್ನುವ ಗಣಿತದ ವಿಧಾನ ಬಂತು, ಡ್ಯಾಶ್‌ನ ಓಪನ್ ಸೋರ್ಸ್ ಪ್ಲೇಯರಿನಲ್ಲಿ ಅದು ಇವತ್ತಿಗೂ ಇದೆ. 2017ರಲ್ಲಿ ಎಂಐಟಿಯವರು ಯಂತ್ರಕಲಿಕೆ ಬಳಸಿ ಪೆನ್ಸೀವ್ ಮಾಡಿದರು. ಯಂತ್ರವೇ ಕಲಿತರೆ ಎಲ್ಲ ಸರಿಹೋಗುತ್ತದೆ ಅಂತ ಒಂದಷ್ಟು ಕಾಲ ಎಲ್ಲರಿಗೂ ಅನ್ನಿಸಿತ್ತು. ಆಗ ಸ್ಟ್ಯಾನ್‌ಫರ್ಡಿನವರು ಪಫರ್ ಅಂತ ಒಂದು ತಾಣ ಮಾಡಿ, ಟಿವಿ ಚಾನೆಲ್‌ಗಳನ್ನು ಜನರಿಗೆ ಉಚಿತವಾಗಿ ತೋರಿಸಿ, ನೋಡುವವರಿಗೆ ಗೊತ್ತಿಲ್ಲದಂತೆ ಬೇರೆ ಬೇರೆ ವಿಧಾನಗಳನ್ನು ಪರೀಕ್ಷಿಸಿದರು. 2020ರಲ್ಲಿ ಪ್ರಕಟವಾದ ಫಲಿತಾಂಶ ಸ್ವಲ್ಪ ಮುಜುಗರ ತರುವಂಥದ್ದು. ಲ್ಯಾಬಿನಲ್ಲಿ ಮಿಂಚಿದ ಜಾಣ ವಿಧಾನಗಳು ನಿಜವಾದ ನೆಟ್‌ವರ್ಕಿನಲ್ಲಿ, ಟ್ಯಾಂಕಿ ನೋಡಿ ನಡೆಯುವ ಸಾದಾ ವಿಧಾನದ ಮುಂದೆ ಅಷ್ಟೇನೂ ಮಿಂಚಲಿಲ್ಲ. ಅದಲ್ಲದೆ ಎರಡು ವಿಧಾನಗಳ ನಡುವಿನ ವ್ಯತ್ಯಾಸ ನಂಬುವಂತೆ ಅಳೆಯಬೇಕಾದರೆ ವರ್ಷಗಟ್ಟಲೆ ಅವಧಿಯ ವಿಡಿಯೊ ಓಡಬೇಕು ಅಂತ ಗೊತ್ತಾಯಿತು. ಅಂಥ ಪರೀಕ್ಷೆಗಳಲ್ಲೇ ಕಲಿತ ಅವರದೇ ಹೊಸ ವಿಧಾನ ಚೆನ್ನಾಗಿ ನಡೆಯಿತು ಅನ್ನುವುದೂ ನಿಜ. ನಮ್ಮ ಆಪ್ ಎರಡು ದಿನದ ಪರೀಕ್ಷೆಯಲ್ಲಿ ಸುಧಾರಿಸಿತು ಅಂತ ಯಾರಾದರೂ ಹೇಳಿದರೆ ನನಗೆ ಆ ಪಫರ್ ನೆನಪಾಗುತ್ತದೆ.

ದೂರವೇ ಶತ್ರು

ಮೇಲಿನ ಲೆಕ್ಕದಲ್ಲಿ ಒಂದೇ ಅಂಕಿ ಬದಲಿಸಿ ನೋಡಿ. ಹೋಗಿ ಬರುವ ಸಮಯ 100 ಮಿಲಿಸೆಕೆಂಡಿನ ಬದಲು 10 ಅಂತ ಇಟ್ಟುಕೊಳ್ಳಿ. ಅದೇ ಆರು ಸುತ್ತು ಈಗ 0.06 ಸೆಕೆಂಡಿನಲ್ಲಿ ಮುಗಿಯುತ್ತದೆ. ಪ್ಲೇಯರಿಗೆ ಕಾಣುವ ಸ್ಪೀಡ್ 67 ಎಂಬಿಪಿಎಸ್ ಹತ್ತಿರ. ತಂತಿ ಅದೇ, ಪ್ಲಾನ್ ಅದೇ. ಸರ್ವರ್ ಮಾತ್ರ ಹತ್ತಿರ ಬಂತು.

ಸಿಡಿಎನ್, ಅಂದರೆ ನೋಡುವವರ ಹತ್ತಿರದ ಸರ್ವರುಗಳಲ್ಲಿ ವಿಡಿಯೊ ಇಟ್ಟು ಕಳಿಸುವ ದೊಡ್ಡ ವ್ಯವಹಾರ ನಿಂತಿರುವುದೇ ಇದರ ಮೇಲೆ. 1998ರಲ್ಲಿ ಶುರುವಾದ ಅಕಾಮೈ ಅನ್ನುವ ಕಂಪನಿ ಮಾಡುತ್ತಿರುವುದು ಇದನ್ನೇ. ನೆಟ್‌ಫ್ಲಿಕ್ಸ್ 2012ರಲ್ಲಿ ಓಪನ್ ಕನೆಕ್ಟ್ ಅಂತ ತನ್ನದೇ ವ್ಯವಸ್ಥೆ ಘೋಷಿಸಿ, ಇಂಟರ್ನೆಟ್ ಕಂಪನಿಗಳ ಕಟ್ಟಡಗಳ ಒಳಗೇ ವಿಡಿಯೊ ತುಂಬಿಡುವ ತನ್ನ ಸರ್ವರ್ ಪೆಟ್ಟಿಗೆಗಳನ್ನು ಇಡಲು ಶುರು ಮಾಡಿತು. ನಾಳೆ ಜನ ಏನು ನೋಡಬಹುದು ಅಂತ ಊಹಿಸಿ, ದಟ್ಟಣೆ ಇಲ್ಲದ ಹೊತ್ತಿನಲ್ಲಿ ಆ ಪೆಟ್ಟಿಗೆಗಳನ್ನು ತುಂಬಿಸಿ ಇಡುತ್ತಾರೆ. ಹೀಗಾಗಿ ಎಲ್ಲರೂ ನೋಡುವ ಜನಪ್ರಿಯ ವಿಡಿಯೊ ಸಲೀಸಾಗಿ ಓಡುತ್ತದೆ, ಹತ್ತು ಜನ ನೋಡಿರುವ ಹಳೆಯ ಉಪನ್ಯಾಸ ಅದೇ ಲೈನಿನಲ್ಲಿ ತಡವರಿಸುತ್ತದೆ. ಅದು ಹತ್ತಿರದ ಪೆಟ್ಟಿಗೆಯಲ್ಲಿ ಇರುವುದಿಲ್ಲ, ದೂರದಿಂದ ಬರಬೇಕು.

ಸಾಗಾಟದ ನಿಯಮಗಳೂ ಬದಲಾಗಿವೆ. ಟಿಸಿಪಿಯಲ್ಲಿ ಒಂದು ಪ್ಯಾಕೆಟ್ ಕಳೆದುಹೋದರೆ ಅದರ ಹಿಂದಿನವೆಲ್ಲ ಬಾಗಿಲಲ್ಲೇ ಕಾಯಬೇಕು. 2021ರಲ್ಲಿ ಮಾನದಂಡವಾದ ಕ್ವಿಕ್, ಅದರ ಮೇಲೆ 2022ರಲ್ಲಿ ಬಂದ ಎಚ್‌ಟಿಟಿಪಿ 3 ಈ ಕಾಯುವಿಕೆಯನ್ನು ಕಡಿಮೆ ಮಾಡಿವೆ. ಸಂಪರ್ಕ ಶುರುವಾಗುವುದೂ ಬೇಗ. ವೈಫೈನಿಂದ ಮೊಬೈಲ್ ಡೇಟಾಗೆ ಜಿಗಿದಾಗ ಮೊದಲಿಂದ ಪರಿಚಯ ಮಾಡಿಕೊಳ್ಳಬೇಕಾಗಿಲ್ಲ. ಆದರೆ ಇದರಿಂದ ಪವಾಡ ಆಗುತ್ತದೆ ಅಂತ ನಿರೀಕ್ಷಿಸಬೇಡಿ. ಟ್ಯಾಂಕಿಯಲ್ಲಿ 30 ಸೆಕೆಂಡು ಇರುವವರಿಗೆ ಅರ್ಧ ಸೆಕೆಂಡಿನ ಲಾಭ ಕಾಣುವುದೇ ಇಲ್ಲ. ಲಾಭ ಇರುವುದು ವಿಡಿಯೊ ಶುರುವಾಗುವಾಗ.

ಶುರುವಾಗುವುದರ ಬಗ್ಗೆ ಒಂದು ಪಕ್ಕಾ ಲೆಕ್ಕ ಇದೆ. ಅಕಾಮೈ ನೆಟ್‌ವರ್ಕಿನ 2.3 ಕೋಟಿ ವೀಕ್ಷಣೆಗಳನ್ನು ಇಟ್ಟುಕೊಂಡು 2012ರಲ್ಲಿ ಮಾಡಿದ ಅಧ್ಯಯನ ಅದು. ವಿಡಿಯೊ ಶುರುವಾಗಲು 2 ಸೆಕೆಂಡು ದಾಟಿದರೆ ಜನ ಬಿಟ್ಟು ಹೋಗಲು ಶುರು ಮಾಡುತ್ತಾರೆ. ಅಲ್ಲಿಂದ ಪ್ರತಿ ಸೆಕೆಂಡಿಗೆ ಇನ್ನೂ ಶೇ 5.8ರಷ್ಟು ಜನ ಹೊರಟು ಹೋಗುತ್ತಾರೆ. ಅದಕ್ಕೇ ಹೆಚ್ಚಿನ ಪ್ಲೇಯರುಗಳು ಮೊದಲ ತುಣುಕನ್ನು ಕಡಿಮೆ ಗುಣಮಟ್ಟದಲ್ಲಿ ತರಿಸಿ, ಕೂಡಲೇ ತೋರಿಸಿ, ಆಮೇಲೆ ಮೇಲೇರುತ್ತವೆ. ಮೊದಲ ಒಂದೆರಡು ಸೆಕೆಂಡು ಮಂಕಾಗಿ ಕಾಣುವುದು ಬೇಕಂತಲೇ ಮಾಡಿದ್ದು.

ಸ್ವಂತ ವೆಬ್‌ಸೈಟಿನಲ್ಲಿ ವಿಡಿಯೊ ಹಾಕುವವರಿಗೆ ಇಲ್ಲಿ ಒಂದು ಮಾತು. ಎಂಪಿ4 ಫೈಲಿನಲ್ಲಿ ಯಾವ ಚಿತ್ರ ಎಲ್ಲಿದೆ ಅನ್ನುವ ಪರಿವಿಡಿ ಒಂದಿರುತ್ತದೆ. ಬಹಳಷ್ಟು ಸಾಫ್ಟ್‌ವೇರ್‌ಗಳು ಅದನ್ನು ಫೈಲಿನ ಕೊನೆಯಲ್ಲಿ ಬರೆಯುತ್ತವೆ. ಆಗ ಬ್ರೌಸರ್ ಮೊದಲು ಕೊನೆಗೆ ಹೋಗಿ ಪರಿವಿಡಿ ಓದಿ, ಮತ್ತೆ ಮೊದಲಿಗೆ ಬರಬೇಕು. ಎಫ್‌ಎಫ್‌ಎಂಪೆಗ್ ಅನ್ನುವ ವಿಡಿಯೊ ಸಾಫ್ಟ್‌ವೇರಿನಲ್ಲಿ ಫಾಸ್ಟ್‌ಸ್ಟಾರ್ಟ್ ಅನ್ನುವ ಆಯ್ಕೆ ಇದೆ. ಅದು ಪರಿವಿಡಿಯನ್ನು ಮುಂದಕ್ಕೆ ತಂದು ಇಡುತ್ತದೆ. ಒಂದು ಪದ ಟೈಪ್ ಮಾಡಿದರೆ ಮುಗಿಯುವ ಕೆಲಸ. ಇದನ್ನು ಮಾಡದೆ ದುಬಾರಿ ಸರ್ವರ್ ಕೊಂಡವರನ್ನು ನೋಡಿದ್ದೇನೆ.

ಫ್ಯಾನ್ ಕೂಗಿದಾಗ

ನನ್ನ ಹಳೆಯ ಲ್ಯಾಪ್‌ಟಾಪ್‌ನಲ್ಲಿ ಒಂದು ಸಂಜೆ ವಿಡಿಯೊ ನೋಡುತ್ತಿದ್ದೆ. ಚಿತ್ರ ಎಳೆದೆಳೆದು ಬರುತ್ತಿತ್ತು. ಚಕ್ರ ತಿರುಗುತ್ತಿರಲಿಲ್ಲ, ಮಾತು ಸರಿಯಾಗಿ ಕೇಳುತ್ತಿತ್ತು, ಆದರೆ ಕ್ಯಾಮೆರಾ ಪಕ್ಕಕ್ಕೆ ತಿರುಗಿದಾಗಲೆಲ್ಲ ಚಿತ್ರ ಜರ್ಕ್ ಹೊಡೆಯುತ್ತಿತ್ತು. ರೂಟರ್ ಆಫ್ ಮಾಡಿ ಆನ್ ಮಾಡಿದೆ. ಏನೂ ಆಗಲಿಲ್ಲ. ಲ್ಯಾಪ್‌ಟಾಪಿನ ಫ್ಯಾನ್ ಮಾತ್ರ ಮಿಕ್ಸಿಯ ಹಾಗೆ ಸದ್ದು ಮಾಡುತ್ತಿತ್ತು.

ಪ್ಲೇಯರಿನ ಮೇಲೆ ರೈಟ್ ಕ್ಲಿಕ್ ಮಾಡಿ ಅಂಕಿಅಂಶದ ಫಲಕ ತೆರೆದೆ. ಬಫರ್ 40 ಸೆಕೆಂಡಿನ ಮೇಲೆ, ಟ್ಯಾಂಕಿ ತುಂಬಿ ತುಳುಕುತ್ತಿದೆ. ನೆಟ್‌ವರ್ಕಿನ ತಪ್ಪು ಇಲ್ಲವೇ ಇಲ್ಲ. ಆದರೆ ಬಿಟ್ಟುಹೋದ ಫ್ರೇಮುಗಳ, ಅಂದರೆ ತೋರಿಸಲು ಆಗದೆ ಬಿಟ್ಟ ಚಿತ್ರಗಳ ಸಂಖ್ಯೆ ಕಣ್ಣೆದುರೇ ಏರುತ್ತಿತ್ತು. ಕೋಡೆಕ್ ಜಾಗದಲ್ಲಿ ಎವಿ1 ಅಂತ ಇತ್ತು.

ವಿಷಯ ಇಷ್ಟು. ಕೋಡೆಕ್‌ಗಳು ತಲೆಮಾರಿನಿಂದ ತಲೆಮಾರಿಗೆ ಜಾಣವಾಗುತ್ತಿವೆ. ಎಚ್.264 ಬಂದದ್ದು 2003ರಲ್ಲಿ. 2013ರಲ್ಲಿ ಎಚ್‌ಇವಿಸಿ ಮತ್ತು ವಿಪಿ9, 2018ರಲ್ಲಿ ಎವಿ1. ಒಂದೊಂದು ತಲೆಮಾರೂ ಅದೇ ಗುಣಮಟ್ಟವನ್ನು ಸುಮಾರು ಮೂರನೇ ಒಂದು ಭಾಗ ಕಡಿಮೆ ಬಿಟ್‌ನಲ್ಲಿ ಕೊಡುತ್ತದೆ, ಕೆಲವೊಮ್ಮೆ ಇನ್ನೂ ಕಡಿಮೆ. ಅದು ಬಿಟ್ಟಿ ಬರುವುದಿಲ್ಲ. ಗಟ್ಟಿಯಾಗಿ ಮಡಚಿದ್ದನ್ನು ಬಿಡಿಸಲು ಶ್ರಮ ಜಾಸ್ತಿ. ಹೊಸ ಚಿಪ್‌ಗಳಲ್ಲಿ ಎವಿ1 ಬಿಡಿಸಲಿಕ್ಕೆಂದೇ ಬೇರೆ ಸರ್ಕ್ಯೂಟ್ ಇರುತ್ತದೆ, ಬ್ಯಾಟರಿ ಹೆಚ್ಚು ತಿನ್ನದೆ ಕೆಲಸ ಮುಗಿಸುತ್ತದೆ. ನನ್ನ ಲ್ಯಾಪ್‌ಟಾಪಿನಲ್ಲಿ ಅದು ಇಲ್ಲ. ಆ ಕೆಲಸವೆಲ್ಲ ಸಿಪಿಯು ತಲೆ ಮೇಲೆ ಬಿದ್ದಿತ್ತು. ಸೆಕೆಂಡಿಗೆ 60 ಫ್ರೇಮಿನ ವಿಡಿಯೊದಲ್ಲಿ ಒಂದು ಫ್ರೇಮಿಗೆ ಸಿಗುವ ಸಮಯ 16.7 ಮಿಲಿಸೆಕೆಂಡು. ಅಷ್ಟರಲ್ಲಿ ಬಿಡಿಸಲು ಆಗದಿದ್ದರೆ ಬ್ರೌಸರ್ ಆ ಫ್ರೇಮನ್ನು ಬಿಟ್ಟು ಮುಂದೆ ಹೋಗುತ್ತದೆ. ಯಾಕೆಂದರೆ ಮಾತು ಕಾಯುವುದಿಲ್ಲ.

ಎಚ್.264ಕ್ಕೆ ಬದಲಿಸಿದ ಕೂಡಲೇ ಫ್ಯಾನ್ ತಣ್ಣಗಾಯಿತು. ಡೇಟಾ ಜಾಸ್ತಿ ಹೋಯಿತು, ಚಿತ್ರ ಸಲೀಸಾಯಿತು. ಈ ಬದಲಾವಣೆಯನ್ನು ನಾನು ಮಾಡಬೇಕಾಗಿ ಬಂದದ್ದೇ ತಪ್ಪು ಅನ್ನುವುದು ನನ್ನ ದೂರು. ಈ ಕೋಡೆಕ್, ಈ ರೆಸೊಲ್ಯೂಷನ್, ಇಷ್ಟು ಫ್ರೇಮು, ಇದನ್ನು ನೀನು ಸಲೀಸಾಗಿ ಓಡಿಸಬಲ್ಲೆಯಾ, ಬ್ಯಾಟರಿ ಉಳಿಸಿಕೊಂಡು ಓಡಿಸಬಲ್ಲೆಯಾ ಅಂತ ಬ್ರೌಸರನ್ನು ಕೇಳಲು ಮೀಡಿಯಾ ಕೇಪಬಿಲಿಟೀಸ್ ಅನ್ನುವ ಸೌಲಭ್ಯ ಇದೆ. ಹೌದು ಅಥವಾ ಇಲ್ಲ ಅಂತ ಉತ್ತರ ಬರುತ್ತದೆ. ಕೇಳಿ ಕಳಿಸಬೇಕಾದದ್ದು ಪ್ಲೇಯರ್ ಬರೆದವರ ಕೆಲಸ.

ಇನ್ನೊಂದು ಬಗೆಯ ತಡವರಿಕೆಗೆ ನೆಟ್‌ವರ್ಕೂ ಕಾರಣವಲ್ಲ, ಸಿಪಿಯೂ ಕಾರಣವಲ್ಲ. ಸಿನಿಮಾ ಸೆಕೆಂಡಿಗೆ 24 ಫ್ರೇಮು. ಹೆಚ್ಚಿನ ಪರದೆಗಳು ಸೆಕೆಂಡಿಗೆ 60 ಸಲ ಹೊಸದಾಗುತ್ತವೆ. 60ನ್ನು 24ರಿಂದ ಭಾಗಿಸಿದರೆ ಎರಡೂವರೆ. ಅರ್ಧ ಸಲ ತೋರಿಸಲು ಆಗುವುದಿಲ್ಲವಲ್ಲ. ಹಾಗಾಗಿ ಒಂದು ಫ್ರೇಮನ್ನು ಮೂರು ಸಲ, ಮುಂದಿನದನ್ನು ಎರಡು ಸಲ ತೋರಿಸುತ್ತದೆ. ಒಂದಕ್ಕೆ 50 ಮಿಲಿಸೆಕೆಂಡು, ಇನ್ನೊಂದಕ್ಕೆ 33. ನಿಧಾನವಾಗಿ ಪಕ್ಕಕ್ಕೆ ಸರಿಯುವ ದೃಶ್ಯದಲ್ಲಿ ಈ ಕುಂಟು ಹೆಜ್ಜೆ ಕಾಣಿಸುತ್ತದೆ. 120 ಹರ್ಟ್ಜ್ ಪರದೆಯಲ್ಲಿ 24 ಸರಿಯಾಗಿ ಐದು ಸಲ ಹೋಗುತ್ತದೆ, ತೊಂದರೆ ಮುಗಿಯಿತು.

ಕಡಿಮೆ ಕಳಿಸುವ ಜಾಣತನ

ಸಲೀಸಾಗಿ ಓಡಬೇಕು ಅಂದರೆ ಜಾಸ್ತಿ ಸ್ಪೀಡ್ ಬೇಕು ಅನ್ನುವ ಕಡೆಗೇ ನಮ್ಮ ತಲೆ ಓಡುತ್ತದೆ. ಕಡಿಮೆ ಕಳಿಸುವುದು ಹೇಗೆ ಅಂತ ಯೋಚಿಸಿದವರಿಗೆ ಸಿಕ್ಕ ಲಾಭ ಹೆಚ್ಚು.

ಹಿಂದೆ ನೆಟ್‌ಫ್ಲಿಕ್ಸ್ ಎಲ್ಲ ವಿಡಿಯೊಗೂ ಗುಣಮಟ್ಟದ ಒಂದೇ ಏಣಿ ಇಟ್ಟುಕೊಂಡಿತ್ತು. ಕೆಳಗಿನ ಮೆಟ್ಟಿಲು 235 ಕೆಬಿಪಿಎಸ್, ಮೇಲಿನದು 5800, ಅಂದರೆ 5.8 ಎಂಬಿಪಿಎಸ್. ಕಾರ್ಟೂನೂ ಅಷ್ಟೇ, ಹೊಡೆದಾಟದ ಸಿನಿಮಾವೂ ಅಷ್ಟೇ. ಕಾರ್ಟೂನಿನಲ್ಲಿ ಒಂದೇ ಬಣ್ಣದ ದೊಡ್ಡ ದೊಡ್ಡ ಜಾಗ ಇರುತ್ತದೆ, ಅದಕ್ಕೆ ಅಷ್ಟೊಂದು ಬಿಟ್ ಯಾಕೆ? ಮಳೆ, ಹೊಗೆ, ಜನಜಂಗುಳಿ ಇರುವ ದೃಶ್ಯಕ್ಕೆ 5800 ಕೂಡ ಸಾಲದಿರಬಹುದು. 2015ರ ಕೊನೆಗೆ ಅವರು ಒಂದೊಂದು ವಿಡಿಯೊಗೂ ಬೇರೆ ಏಣಿ ಕಟ್ಟಲು ಶುರು ಮಾಡಿದರು. ಆಮೇಲೆ ಒಂದೊಂದು ಶಾಟ್‌ಗೂ ಬೇರೆ ಲೆಕ್ಕ. ಕಣ್ಣಿಗೆ ಹೇಗೆ ಕಾಣುತ್ತದೆ ಅಂತ ಅಂಕ ಕೊಡಲು ವಿಮಾಫ್ ಅನ್ನುವ ಅಳತೆ ತಂದು, 2016ರಲ್ಲಿ ಎಲ್ಲರಿಗೂ ಬಿಟ್ಟುಕೊಟ್ಟರು. ಇದರಿಂದ ಸೋತ ಲೈನಿನಲ್ಲಿರುವವರಿಗೆ ಹೆಚ್ಚು ಲಾಭ. ಮುಂಚೆ 480ಪಿ ಸಿಗುತ್ತಿದ್ದ ಕಡೆ ಅದೇ ಬಿಟ್‌ನಲ್ಲಿ 720ಪಿ ಸಿಗಬಹುದು.

ವ್ಯರ್ಥ ಹೋಗುವುದರ ಕಡೆ ಮಾತ್ರ ಕಂಪನಿಗಳು ಅಷ್ಟು ಕಣ್ಣು ಹಾಕುವುದಿಲ್ಲ. ಬೆರಳಿನಿಂದ ಮೇಲೆ ಸರಿಸುತ್ತಾ ನೋಡುವ ಚಿಕ್ಕ ವಿಡಿಯೊಗಳನ್ನೇ ತೆಗೆದುಕೊಳ್ಳಿ. ಸರಿಸಿದ ಕೂಡಲೇ ಮುಂದಿನದು ಓಡಬೇಕು, ಹಾಗಾಗಿ ನಾವು ಕೇಳುವ ಮೊದಲೇ ಮುಂದಿನ ಕೆಲವು ವಿಡಿಯೊಗಳ ಶುರುವಿನ ಭಾಗ ಬಂದು ಕೂತಿರುತ್ತದೆ. ನಾವು ಆಪ್ ಮುಚ್ಚಿದರೆ ಅಷ್ಟೂ ದಂಡ. ದೊಡ್ಡ ಟ್ಯಾಂಕಿಯ ಕಥೆಯೂ ಅದೇ. ಎರಡು ನಿಮಿಷ ಮುಂದಕ್ಕೆ ತುಂಬಿಟ್ಟು, ನೋಡುವವರು ಹತ್ತನೇ ಸೆಕೆಂಡಿಗೆ ಹೊರಟುಹೋದರೆ ಆ ಡೇಟಾದ ಲೆಕ್ಕ ಬೀಳುವುದು ಅವರ ತಲೆ ಮೇಲೆ. ಟ್ಯಾಂಕಿ ಎಷ್ಟು ದೊಡ್ಡದಿರಬೇಕು ಅನ್ನುವುದಕ್ಕೆ ಒಂದೇ ಉತ್ತರ ಇಲ್ಲ. ನನ್ನ ಪ್ರಕಾರ ಶುರುವಿನಲ್ಲಿ ಚಿಕ್ಕದು, ಜನ ನಿಂತು ನೋಡುತ್ತಾರೆ ಅಂತ ಗೊತ್ತಾದ ಮೇಲೆ ದೊಡ್ಡದು, ಹಾಗೆ ಬೆಳೆಯುವುದು ಒಳ್ಳೆಯದು.

ಗುಣಮಟ್ಟ ಇಳಿಸಿದರೆ ಜನ ಸಿಟ್ಟಾಗುತ್ತಾರಾ? 2020ರ ಮಾರ್ಚ್‌ನಲ್ಲಿ ಇದಕ್ಕೊಂದು ದೊಡ್ಡ ಪರೀಕ್ಷೆ ತಾನಾಗಿ ನಡೆಯಿತು. ಲಾಕ್‌ಡೌನ್‌ನಲ್ಲಿ ಎಲ್ಲರೂ ಮನೆಯಲ್ಲಿ. ಯುರೋಪಿಯನ್ ಒಕ್ಕೂಟ ಕೇಳಿಕೊಂಡಿದ್ದಕ್ಕೆ ನೆಟ್‌ಫ್ಲಿಕ್ಸ್ ಯುರೋಪಿನಲ್ಲಿ 30 ದಿನ ಬಿಟ್‌ರೇಟ್ ಇಳಿಸಿ, ತನ್ನ ಟ್ರಾಫಿಕ್ ಸುಮಾರು ಶೇ 25ರಷ್ಟು ಕಡಿಮೆ ಮಾಡುತ್ತೇನೆ ಅಂದಿತು. ಯೂಟ್ಯೂಬ್ ಕೂಡ ತಾನಾಗಿ ಓಡುವ ಗುಣಮಟ್ಟವನ್ನು ಸಾಮಾನ್ಯ ಮಟ್ಟಕ್ಕೆ ಇಳಿಸಿತು. ಜನ ನೋಡುವುದನ್ನು ಬಿಡಲಿಲ್ಲ. ಕೈಯಗಲದ ಪರದೆಯಲ್ಲಿ 720ಪಿಗೂ 1080ಪಿಗೂ ವ್ಯತ್ಯಾಸ ಹುಡುಕುವುದು ಕಷ್ಟ. ನಂಬಿಕೆ ಇಲ್ಲದಿದ್ದರೆ ಮನೆಯವರ ಕೈಯಲ್ಲಿ ಫೋನ್ ಕೊಟ್ಟು, ಹೇಳದೆ ಬದಲಿಸಿ ನೋಡಿ.

ಕಳಿಸುವ ಲಯವೂ ಮುಖ್ಯ. ತುಣುಕು ಕೇಳಿದ ಕೂಡಲೇ ಸರ್ವರ್ ಪೂರ್ತಿ ಜೋರಿನಲ್ಲಿ ಸುರಿದರೆ ಮನೆಯ ರೂಟರಿನಲ್ಲಿ ಪ್ಯಾಕೆಟ್‌ಗಳ ಸಾಲು ಉದ್ದವಾಗುತ್ತದೆ. ಹಿಂದೆ ನಿಂತ ಬೇರೆಯವರ ವಿಡಿಯೊ ಕಾಲ್ ಕಟ್ ಕಟ್ ಆಗುತ್ತದೆ. ಇದಕ್ಕೆ ಬಫರ್‌ಬ್ಲೋಟ್ ಅಂತ ಹೆಸರು. ಟ್ಯಾಂಕಿ ತುಂಬಿರುವಾಗ ಆತುರ ಏನಿದೆ? ನಿಧಾನಕ್ಕೆ, ಹದವಾಗಿ ಕಳಿಸಿದರೆ ನೋಡುವವರಿಗೆ ನಷ್ಟ ಇಲ್ಲ, ಪಕ್ಕದವರಿಗೂ ತೊಂದರೆ ಇಲ್ಲ. ನೆಟ್‌ಫ್ಲಿಕ್ಸ್ ಸಂಶೋಧಕರು 2023ರಲ್ಲಿ ಇಂಥದ್ದೇ ವಿಧಾನವೊಂದನ್ನು ಪ್ರಕಟಿಸಿದರು. ಜೋರನ್ನು ತಗ್ಗಿಸಿಯೂ ಗುಣಮಟ್ಟ ಉಳಿಸಿಕೊಳ್ಳಬಹುದು ಅಂತ ಅದು ತೋರಿಸಿತು.

ಲೈವ್ ಬಂದಾಗ

ಇಷ್ಟೆಲ್ಲ ಹೇಳಿದ ಟ್ಯಾಂಕಿಯ ಮದ್ದು ಲೈವ್‌ನಲ್ಲಿ ಅಷ್ಟಾಗಿ ನಡೆಯುವುದಿಲ್ಲ. ಇನ್ನೂ ನಡೆಯದ ಆಟವನ್ನು ಮುಂಚೆಯೇ ತುಂಬಿಡುವುದು ಹೇಗೆ? ಟ್ಯಾಂಕಿಯಲ್ಲಿ 20 ಸೆಕೆಂಡು ಬೇಕು ಅಂದರೆ 20 ಸೆಕೆಂಡು ಹಿಂದೆ ಇರಬೇಕು. ಎಚ್‌ಎಲ್‌ಎಸ್ ನಿಯಮದಲ್ಲಿ ಪ್ಲೇಯರ್ ಕೊನೆಯಿಂದ ಕನಿಷ್ಠ ಮೂರು ತುಣುಕಿನಷ್ಟು ಹಿಂದೆ ಶುರು ಮಾಡಬೇಕು ಅಂತ ಸಲಹೆ ಇದೆ. ಮೊದಲು 10 ಸೆಕೆಂಡಿನ ತುಣುಕು ರೂಢಿಯಲ್ಲಿತ್ತು, ಅಂದರೆ ಅರ್ಧ ನಿಮಿಷ ತಡ. ಆಮೇಲೆ 6 ಸೆಕೆಂಡಿಗೆ ಇಳಿಸಿದರು, 18 ಸೆಕೆಂಡು ತಡ. ಪಕ್ಕದಲ್ಲಿ ಟಿವಿಯಲ್ಲಿ ಆಟ ನೋಡುತ್ತಿರುವವರ ಕೂಗು ಮೊದಲು ಕೇಳಿ, ಆಮೇಲೆ ನಮ್ಮ ಪರದೆಯಲ್ಲಿ ಗೋಲು ಬೀಳುವುದು ಇದರಿಂದ.

ತುಣುಕನ್ನು ಇನ್ನೂ ಚೂರು ಮಾಡಿ, ಪೂರ್ತಿ ತಯಾರಾಗುವ ಮೊದಲೇ ಚೂರು ಚೂರಾಗಿ ಕಳಿಸುವ ದಾರಿ ಈಗ ಇದೆ. 2018ರಲ್ಲಿ ಬಂದ ಸಿಮ್ಯಾಫ್ ಮಾದರಿ, 2019ರಲ್ಲಿ ಆಪಲ್ ಘೋಷಿಸಿದ ಕಡಿಮೆ ತಡದ ಎಚ್‌ಎಲ್‌ಎಸ್ ಎರಡೂ ಇದನ್ನೇ ಮಾಡುತ್ತವೆ. ತಡ ಕೆಲವೇ ಸೆಕೆಂಡಿಗೆ ಇಳಿಯುತ್ತದೆ. ಆದರೆ ಟ್ಯಾಂಕಿಯೂ ಅಷ್ಟಕ್ಕೇ ಇಳಿಯಿತಲ್ಲ! ವೈಫೈ ಎರಡು ಸೆಕೆಂಡು ಕೈಕೊಟ್ಟರೂ ಚಕ್ರ. ಅದರ ಮೇಲೆ ಲಕ್ಷಾಂತರ ಜನ ಒಂದೇ ಕ್ಷಣದಲ್ಲಿ ಒಂದೇ ಚೂರನ್ನು ಕೇಳುತ್ತಾರೆ. ಮುಂಚೆಯೇ ಹತ್ತಿರದ ಪೆಟ್ಟಿಗೆಯಲ್ಲಿ ತುಂಬಿಡುವ ಉಪಾಯವೂ ಕೆಲಸಕ್ಕೆ ಬರುವುದಿಲ್ಲ. 2024ರ ನವೆಂಬರ್‌ನಲ್ಲಿ ನಡೆದ ಜೇಕ್ ಪಾಲ್ ಮತ್ತು ಮೈಕ್ ಟೈಸನ್ ಬಾಕ್ಸಿಂಗ್ ನೆನಪಿರಬಹುದು. ಒಂದೇ ಹೊತ್ತಿಗೆ 6.5 ಕೋಟಿ ಸ್ಟ್ರೀಮ್ ಓಡಿದವು ಅಂತ ನೆಟ್‌ಫ್ಲಿಕ್ಸ್ ಹೇಳಿತು. ಚಿತ್ರ ನಿಲ್ಲುತ್ತಿದೆ, ಮಸುಕಾಗಿದೆ ಅಂತ ಬಹಳ ಜನ ಅವತ್ತು ದೂರಿದರು. ಸಿನಿಮಾ ತೋರಿಸುವುದರಲ್ಲಿ ಪಳಗಿದ ಕೈಗೂ ಲೈವ್ ಅನ್ನುವುದು ಬೇರೆಯೇ ಆಟ.

ಎಲ್ಲ ಲೈವ್‌ಗೂ ಎರಡು ಸೆಕೆಂಡಿನ ತಡವೇ ಯಾಕೆ ಬೇಕು ಅಂತ ನನಗೆ ಅನ್ನಿಸುತ್ತದೆ. ಹರಾಜು, ರಸಪ್ರಶ್ನೆ, ನೋಡುವವರ ಜೊತೆ ಮಾತಾಡುವ ಕಾರ್ಯಕ್ರಮ ಇವಕ್ಕೆ ಬೇಕು. ಭಾಷಣಕ್ಕೆ, ಸಂಗೀತ ಕಛೇರಿಗೆ 15 ಸೆಕೆಂಡು ತಡವಾದರೆ ಯಾರಿಗೆ ಏನಾಗಬೇಕು? ಇದನ್ನು ಕಾರ್ಯಕ್ರಮ ನೋಡಿ ನಿರ್ಧಾರ ಮಾಡಬೇಕು, ಪ್ರತಿಸ್ಪರ್ಧಿ ಕಂಪನಿಯ ಜಾಹೀರಾತು ನೋಡಿ ಅಲ್ಲ.

ನಡುವೆ ಹಿಂದೆ ಬಿದ್ದವರನ್ನು ಮುಂದೆ ತರುವುದಕ್ಕೆ ಒಂದು ಸಣ್ಣ ಉಪಾಯ ಇದೆ. ವೈಫೈ ಕೈಕೊಟ್ಟು ನೀವು 18 ಸೆಕೆಂಡು ಹಿಂದೆ ಬಿದ್ದಿದ್ದೀರಿ, ಇರಬೇಕಾದದ್ದು 6ರಲ್ಲಿ ಅಂದುಕೊಳ್ಳಿ. ಒಮ್ಮೆಗೇ 12 ಸೆಕೆಂಡು ಹಾರಿಸಿದರೆ ಆಟದ ಒಂದು ತುಂಡೇ ಹೋಗುತ್ತದೆ. ಅದರ ಬದಲು ಪ್ಲೇಯರ್ ವಿಡಿಯೊವನ್ನು 1.05 ಪಟ್ಟು ವೇಗದಲ್ಲಿ ಓಡಿಸುತ್ತದೆ. ಸೆಕೆಂಡಿಗೆ 0.05ರ ಲೆಕ್ಕದಲ್ಲಿ 12 ಸೆಕೆಂಡು ತೀರಲು 240 ಸೆಕೆಂಡು, ಅಂದರೆ ನಾಲ್ಕು ನಿಮಿಷ. ಧ್ವನಿ ಕೀರಲಾಗದಂತೆ ಬ್ರೌಸರ್ ನೋಡಿಕೊಳ್ಳುತ್ತದೆ. ಆ ನಾಲ್ಕು ನಿಮಿಷ ಕಾಮೆಂಟರಿ ಹೇಳುವವರು ಸ್ವಲ್ಪ ಅವಸರದಲ್ಲಿದ್ದಾರೆ ಅಂತ ನಿಮಗೆ ಅನ್ನಿಸಬಹುದು, ಅಷ್ಟೇ.